ಮೂರು ಸೆಕೆಂಡು

ನಿವೃತ್ತಿಯಾದ ಮೇಲೆ ಅಡುಗೆಮನೆಯ ಮೂಲೆಯೇ ನನ್ನ ಶಾಲೆ.
ಚಿಲೊಯೆ ದ್ವೀಪದ ಕಾಸ್ತ್ರೋ ಪೇಟೆ, ಏರುಬೀದಿ,
ಮೀನಿನ ಹುರುಪೆಯಂತೆ ಹಲಗೆ ಹೊದ್ದ ಮನೆ.
ತಲೆ ತಗ್ಗಿಸಿದ ಒಂದು ಕ್ಯಾಮೆರಾ ನನ್ನ ಹಾಳೆಯ ಮೇಲೆ,
ಇನ್ನೊಂದು ಮುಖದ ಮೇಲೆ.
ಮುಖದ ಅಗತ್ಯ ಅಷ್ಟಿಲ್ಲ,
ಆದರೂ ಮಕ್ಕಳಿಗೆ ಟೀಚರ ಹುಬ್ಬು ಕಾಣುತ್ತಿರಬೇಕು.

ಮನೆಯವರಿಗೆ ಕಳಿಸುವ ಪಟ್ಟಿ ಸಿದ್ಧವಿದೆ:
ಕಂಪ್ಯೂಟರ್, ಇಲ್ಲವೇ ಅಗಲ ಪರದೆಯ ಫೋನು;
ಮೈಕ್ ಇರುವ ಇಯರ್‌ಫೋನು;
ಅಲುಗದಂತೆ ಹಿಡಿಯಲು ಒಂದು ಸ್ಟ್ಯಾಂಡು;
ಬೆಳಕು ಎದುರಿನಿಂದ, ಬೆನ್ನ ಹಿಂದಿನಿಂದ ಬೇಡ;
ಗೆರೆಯಿಲ್ಲದ ಪುಸ್ತಕ, ದಪ್ಪ ಮೊನೆಯ ಕಪ್ಪು ಪೆನ್ನು;
ಸದ್ದಿಲ್ಲದ ಕೋಣೆ.

ಎಲಿಯೆಸೆರ್ ಮಿಲ್ಯಾಲೊಂಕೊ, ಹತ್ತು ವರ್ಷ,
ದೋಣಿಯಲ್ಲಿ ಎರಡು ಗಂಟೆ ಆಚೆಯ ಪುಟ್ಟ ದ್ವೀಪದವನು,
ಪಟ್ಟಿಗೆ ಉತ್ತರ ಕೊಟ್ಟ:
ಫೋನು ಅಪ್ಪನದು.
ಕಡಲಲ್ಲಿ ಇಳಿಬಿಟ್ಟ ಹಗ್ಗಗಳಿಂದ ಚಿಪ್ಪು ಬಿಡಿಸಿ
ಅಪ್ಪ ದಡಕ್ಕೆ ಬರುವುದು ಆರೂವರೆಗೆ.
ಇಯರ್‌ಫೋನಿನ ಎಡಗಿವಿ ಸತ್ತಿದೆ, ಬಲಗಿವಿ ಬದುಕಿದೆ.
ಕೋಣೆ ಒಂದೇ. ಅದರಲ್ಲಿ ಒಲೆ ಇದೆ, ತಂಗಿ ಇದ್ದಾಳೆ.
ಸ್ಟ್ಯಾಂಡು ತೋರಿಸಲು ಫೋನು ಕಿತ್ತು ತಿರುಗಿಸಿದ:
ನೇರಳೆ ಸಿಪ್ಪೆಯ ಒಂದು ಆಲೂಗಡ್ಡೆ,
ನಡುವೆ ಚಾಕುವಿನಿಂದ ಕೊರೆದ ಕಚ್ಚು.
‘ವಾರಕ್ಕೊಂದು ಹೊಸದು, ತೀಯಾ.
ಹಳೇದನ್ನ ಅಮ್ಮ ಸಾರಿಗೆ ಹಾಕ್ತಾಳೆ.’
(ತೀಯಾ ಎಂದರೆ ಅತ್ತೆ. ಇಲ್ಲಿನ ಮಕ್ಕಳಿಗೆಲ್ಲ
ಟೀಚರೆಂದರೆ ಅತ್ತೆಯೇ.)

ಪಾಠ ನಡೆಯುವುದು ಹೀಗೆ.
ನಾನು ಹಾಳೆಯ ಮೇಲೆ ಮುಕ್ಕಾಲು ಎಂದು ಬರೆಯುತ್ತೇನೆ.
ಆ ಮುಕ್ಕಾಲು ನುಚ್ಚುನೂರಾಗಿ
ಗುಡ್ಡದ ಗೋಪುರ ಹತ್ತಿ, ಉಪ್ಪುನೀರು ದಾಟಿ,
ಅವನ ಅಂಗೈಯಲ್ಲಿ ಮತ್ತೆ ಮುಕ್ಕಾಲಾಗಿ ಕೂಡಿಕೊಳ್ಳುತ್ತದೆ.
ಒಂದು ಚೂರೂ ಕಳೆಯದೆ. ಹೆಚ್ಚಿನ ದಿನ.
ಅವನು ಬಿಡಿಸಿದ ಲೆಕ್ಕ ಪರದೆಗೆ ಹಿಡಿಯುತ್ತಾನೆ,
ಬರೀ ಮಂಜು.
ಇನ್ನೂ ಹಿಂದೆ, ಮರೀ, ಇನ್ನೂ ಹಿಂದೆ—
ಹಾಳೆಯೊಳಗಿಂದ ಅಂಕಿಗಳು ಒಂದೊಂದಾಗಿ ಕಣ್ಣು ಬಿಡುತ್ತವೆ.

ಕಷ್ಟವಿದ್ದದ್ದು ಮೌನದ್ದು.
ಪ್ರಶ್ನೆ ಕೇಳುತ್ತೇನೆ, ಅವನ ಮುಖ ಕಲ್ಲಾಗುತ್ತದೆ.
ನಿಂತದ್ದು ನೆಟ್ಟೋ, ಹುಡುಗನೋ?
ತಡೆಯಲಾರದೆ ಮತ್ತೆ ಕೇಳುತ್ತೇನೆ.
ನನ್ನ ಎರಡನೇ ಪ್ರಶ್ನೆ ಅವನ ಮೊದಲ ಉತ್ತರಕ್ಕೆ
ನಡುಗಡಲಲ್ಲಿ ಢಿಕ್ಕಿ ಹೊಡೆದು
ಎರಡೂ ಮುಳುಗುತ್ತವೆ.
ಮೂರನೇ ವಾರ ಅವನೇ ನನಗೊಂದು ಸಲಕರಣೆ ಕೊಟ್ಟ:
‘ಕೇಳಿದ ಮೇಲೆ ಮೂರು ಎಣಿಸಿ, ತೀಯಾ.
ಮನಸ್ಸಲ್ಲಿ.’

ಎಣಿಸಿದೆ.
ಒಂದು.
ಮೂರು ಸೆಕೆಂಡು ಇಷ್ಟು ಉದ್ದವೆಂದು ಗೊತ್ತಿರಲಿಲ್ಲ.
ಎರಡು.
ಎರಡಕ್ಕೂ ಮೂರಕ್ಕೂ ನಡುವೆ ಮಿರ್ತಾ ಚಿಗುವಾಯ್ ಎದ್ದು ನಿಂತಳು,
ಎಂಬತ್ತೇಳನೇ ಇಸವಿ, ನಾಲ್ಕನೇ ಬೆಂಚು,
ತುಟಿ ಇನ್ನೇನು ತೆರೆಯಬೇಕು,
ನನ್ನ ಬೆರಳು ಆಗಲೇ ಪಕ್ಕದವಳ ಕಡೆ.
ಕೂತ್ಕೋ ಮಿರ್ತಾ.
ನಮ್ಮ ನಡುವೆ ಆಗ ಗೋಪುರವಿರಲಿಲ್ಲ, ಕಡಲಿರಲಿಲ್ಲ,
ಮೂರು ಬೆಂಚು, ಅಷ್ಟೆ.
ಪ್ರಗತಿಪತ್ರದಲ್ಲಿ ‘ನಿಧಾನ’ ಎಂದು ಬರೆದೆ.
ದುಂಡಗಿನ ಅಕ್ಷರ.
ನನ್ನ ಅಕ್ಷರವನ್ನು ಎಲ್ಲರೂ ಹೊಗಳುತ್ತಿದ್ದರು.

ಕಳೆದ ಶನಿವಾರ ಸಂತೆಯಲ್ಲಿ ಅವಳನ್ನು ಕಂಡೆ,
ಹೊಗೆಯಲ್ಲಿ ಒಣಗಿಸಿದ ಚಿಪ್ಪಿನ ಸರ ಮಾರುತ್ತಿದ್ದಳು.
ಏನೋ ಹೇಳಬೇಕೆಂದು ನಿಂತೆ.
ಅವಳು ಕಾದಳು.
ಆಮೇಲೆ ಚಿಲ್ಲರೆ ಎಣಿಸಿ ಕೈಗಿಟ್ಟಳು.
ಲೆಕ್ಕ ಸರಿಯಾಗಿತ್ತು.

ಈಗ ಅವರ ದ್ವೀಪಕ್ಕೆ ಹೊಸ ಗೋಪುರ ಬಂದಿದೆ.
ಮಾತು ಬಾಯಿಂದ ಬೀಳುವ ಮೊದಲೇ ಅಲ್ಲಿ ಮುಟ್ಟುತ್ತದೆ.
ನಾನು ಮಾತ್ರ ಎಣಿಸುವುದು ಬಿಟ್ಟಿಲ್ಲ.
ನಿನ್ನೆ ಕೇಳಿದೆ:
ಅರ್ಧಕ್ಕೆ ಎಂಟರಲ್ಲೊಂದು ಕೂಡಿದರೆ?
ಎಲಿಯೆಸೆರ್ ಪ್ರಶ್ನೆಯನ್ನು ಗಟ್ಟಿಯಾಗಿ ತಾನೇ ಹೇಳಿಕೊಂಡ,
ಪೆನ್ನು ಕಚ್ಚಿದ, ನನ್ನ ಸುಮ್ಮನಿರುವ ಮುಖ ನೋಡಿದ.
‘ತೀಯಾ, ನೀವು ಹ್ಯಾಂಗ್ ಆದಿರಾ?’

ಇಲ್ಲ, ಎನ್ನುವುದರೊಳಗೆ
ಒಲೆಯ ಕಡೆಯಿಂದ, ಕ್ಯಾಮೆರಾಕ್ಕೆ ಕಾಣದ ಜಾಗದಿಂದ,
ಒಂದು ಸಣ್ಣ ದನಿ:
ಎಂಟರಲ್ಲಿ ಐದು.

ಆ ಮನೆಗೆ ಇನ್ನೊಂದು ಆಲೂಗಡ್ಡೆ ಬೇಕಾಗುತ್ತದೆ.